ಮರಳಿನ ಮಜ್ಜನ, ಎನಾಮೆಲ್ ಅಲಂಕಾರ

ಊರಿನಲ್ಲಿ ಹೊಯ್ಸಳರ ಕಾಲದ ಗುಡಿಯೊಂದಿದ್ದು, ಅದರ ಮುಂದೆ ಪುರಾತತ್ತ್ವ ಇಲಾಖೆಯ ಫಲಕ ಇಲ್ಲದಿದ್ದರೆ ಆ ಗುಡಿಗೆ ಎರಡು ಬಗೆಯ ಗಂಡಾಂತರಗಳುಂಟು: ಒಂದು, ಯಾರೂ ಅದರತ್ತ ತಿರುಗಿ ನೋಡದಿರುವುದು, ಇನ್ನೊಂದು, ಅದಕ್ಕೊಂದು ಜೀರ್ಣೋದ್ಧಾರ ಸಮಿತಿ ರಚನೆಯಾಗುವುದು. ಮೊದಲನೆಯದನ್ನು ಕಲ್ಲು ಶತಮಾನಗಳಿಂದ ತಾಳಿಕೊಂಡು ಬಂದಿದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ, ತಮ್ಮ ಗುಡಿಯೂ ಹೊಳೆಯಬೇಕೆಂಬ ಹಂಬಲ ಇಂಥ ಸಮಿತಿಗಳಿಗೆ ಇನ್ನಷ್ಟು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಗೋಡೆಯ ಕಪ್ಪು ಹಾವಸೆಯದೋ, ದೀಪದೆಣ್ಣೆಯ ಜಿಡ್ಡಿನದೋ, ಕಲ್ಲು ತಾನಾಗಿ ಮಾಗಿ ಪಡೆದ ಮೇಲ್ಪದರದ್ದೋ ಎಂಬುದನ್ನು ತಿಳಿಯಲು ವಿಜ್ಞಾನಿಗಳು ಸಾಸಿವೆಕಾಳಿನಷ್ಟು ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕೆಲವೊಮ್ಮೆ ಗೋಡೆಯನ್ನು ಕೆರೆಯದೆಯೇ ಕ್ಷಕಿರಣ ಹಾಯಿಸಿ ಅದರಲ್ಲಿರುವ ಧಾತುಗಳನ್ನು ಗುರುತಿಸುತ್ತಾರೆ. ಇಂಥ ಕೆಲಸಕ್ಕೆಂದೇ 1976ರಲ್ಲಿ ಲಖನೌದಲ್ಲಿ ಆರಂಭವಾದ ರಾಷ್ಟ್ರೀಯ ಪ್ರಯೋಗಾಲಯದ ಶಾಖೆ ನಮ್ಮ ಮೈಸೂರಿನಲ್ಲೇ ಇದೆ. ಆದರೆ ಅಷ್ಟು ದೂರ ಹೋಗುವ ಕಷ್ಟವೇಕೆ? ಅಧ್ಯಕ್ಷರು ಗೋಡೆಯನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ದಿಟ್ಟಿಸಿ, "ಮರಳು ಹೊಡೆಸಿಬಿಡಿ" ಎಂದರೆ ವಿಶ್ಲೇಷಣೆ ಮುಗಿಯಿತು. ವರದಿಯೂ ಅದೇ, ಮಂಜೂರಾತಿಯೂ ಅದೇ.

ಒತ್ತಡದ ಗಾಳಿಯಲ್ಲಿ ಮರಳು ಚಿಮ್ಮಿಸಿ ಹಡಗಿನ ತುಕ್ಕು ಕೀಳುವ ಈ ವಿದ್ಯೆಯನ್ನು ದೇವರಿಗೆ ಒಪ್ಪಿಸುವಾಗ ಒಂದು ಸಣ್ಣ ಲೆಕ್ಕವನ್ನು ಮರೆಯಬೇಕಾಗುತ್ತದೆ. ಹೊಯ್ಸಳ ಶಿಲ್ಪಿಯ ಉಳಿ ಬಳೆಯ ಕುಸುರಿಯವರೆಗೂ ಹೋಗಲು ಸಾಧ್ಯವಾದದ್ದು ಬಳಪದ ಕಲ್ಲು ಮೃದುವಾದ್ದರಿಂದ. ಅದರಲ್ಲಿರುವ ಟಾಲ್ಕ್ ಖನಿಜದ ಗಡಸುತನ ಮೋಸ್ ಮಾಪಕದಲ್ಲಿ 1. ಮರಳಿನ ಕ್ವಾರ್ಟ್ಜ್‌ನದು 7. ಕಂಪ್ರೆಸರ್ ಚಾಲೂ ಆದ ಮೇಲೆ ಮದನಿಕೆಯ ಕೊಳೆಯೊಂದಿಗೆ ಮೂಗೂ ಹೋಗುತ್ತದೆ. ಮೂಗಿಲ್ಲದಿದ್ದರೇನಂತೆ, ಮುಖ ಎಷ್ಟು ಬೆಳ್ಳಗಾಯಿತು ನೋಡಿ!

ಸಂದುಗಳ ಪಾಲಿಗೆ ಸಿಮೆಂಟು ಕಾದಿರುತ್ತದೆ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಣಲೆಕಾಯಿಯ ಕಷಾಯ ಬೆರೆಸಿ, ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುವವರೆಗೆ ಕಾಯುವಷ್ಟು ವ್ಯವಧಾನ ಉದ್ಘಾಟನೆಯ ಮುಹೂರ್ತಕ್ಕಿಲ್ಲ. ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ತಡೆಯುತ್ತದೆ, ಜೊತೆಗೆ ತನ್ನ ಲವಣಗಳನ್ನೂ ಕಲ್ಲಿಗೆ ಧಾರೆಯೆರೆಯುತ್ತದೆ. ಆ ಲವಣಗಳು ಕಲ್ಲಿನ ರಂಧ್ರಗಳೊಳಗೆ ಹರಳುಗಟ್ಟಿ ಮೈಯನ್ನು ಹಪ್ಪಳಿಕೆಯಾಗಿ ಉದುರಿಸತೊಡಗುವ ಹೊತ್ತಿಗೆ ಗುತ್ತಿಗೆದಾರರ ಬಿಲ್ಲು ಪಾಸಾಗಿ ವರ್ಷಗಳೇ ಕಳೆದಿರುತ್ತವೆ. ಆಗ ಸಮಿತಿ ಮತ್ತೆ ಸಭೆ ಸೇರುತ್ತದೆ, ಇನ್ನಷ್ಟು ಸಿಮೆಂಟು ಮಂಜೂರಾಗುತ್ತದೆ.

ಕೊನೆಗೆ ಎನಾಮೆಲ್. ಮರಳಿಗೆ ಹೇಗೋ ದಕ್ಕದೆ ಉಳಿದ ಶಾಸನದ ಅಕ್ಷರಗಳು ಎರಡು ಕೋಟ್ ಬಣ್ಣಕ್ಕೆ ಸುಲಭವಾಗಿ ಮುಚ್ಚಿಹೋಗುತ್ತವೆ. ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ವಿಗ್ರಹಗಳ ಕೆಳಗೆ ಕೊರೆದಿದ್ದಾನೆ. ಅಂಥ ಸಹಿಯೊಂದು ಇಲ್ಲಿಯೂ ಇದ್ದಿದ್ದರೆ, ಯಾವ ಪೇಂಟರ್ ಅದರ ಮೇಲೆ ಕುಂಚ ಆಡಿಸಿದನೋ ಹೇಳಲಾಗದು.

ಮುಂದೆಂದೋ ಒಬ್ಬ ಸಂಶೋಧಕಿ ಯಂತ್ರ ಹಿಡಿದು ಬಂದು, ಬಿಳಿ ಬಣ್ಣದಲ್ಲಿ ಟೈಟೇನಿಯಂ ಇರುವುದನ್ನು ಕಂಡು, ಈ ಪದರ ಇಪ್ಪತ್ತನೆಯ ಶತಮಾನಕ್ಕಿಂತ ಹಳೆಯದಲ್ಲವೆಂದು ವಾದಿಸಬಹುದು. ಪಾಪ, ಆಕೆಗೆ ಅಷ್ಟು ಶ್ರಮವೇ ಬೇಕಿಲ್ಲ. ಬಾಗಿಲ ಬಲಕ್ಕಿರುವ ಗ್ರಾನೈಟ್ ಫಲಕದಲ್ಲಿ ತಾರೀಖು, ಅಧ್ಯಕ್ಷರು, ಖಜಾಂಚಿ, ದಾನಿಗಳು ಎಲ್ಲರ ಹೆಸರುಗಳೂ ಇವೆ. ಆ ಅಕ್ಷರಗಳನ್ನು ಮಾತ್ರ ಬಹಳ ಆಳವಾಗಿ ಕೊರೆಸಿದ್ದಾರೆ.