‘ತೆಗೆಸಿಬಿಡಿ’ ಅನ್ನುವ ಮುಂಚೆ ಡೋಸ್ ಎಷ್ಟು ಅಂತ ಹೇಳಿ

ಬಸಿರು ಅಂತ ಗೊತ್ತಾಗುವ ಮೊದಲೇ ಎದೆಯ ಎಕ್ಸ್‌ರೇಯೋ ತಲೆಯ ಸಿ.ಟಿ.ಯೋ ಆಗಿರುತ್ತದೆ. ಆಮೇಲೆ ವಿಷಯ ತಿಳಿದ ವೈದ್ಯರು ‘ರಿಸ್ಕ್ ಯಾಕೆ, ತೆಗೆಸಿಬಿಡಿ’ ಅಂದುಬಿಡುತ್ತಾರೆ. ಭ್ರೂಣಕ್ಕೆ ಎಷ್ಟು ವಿಕಿರಣ ತಗುಲಿದೆ ಅಂತ ಅವರು ಲೆಕ್ಕ ಹಾಕಿರುವುದೇ ಇಲ್ಲ. ಇದನ್ನು ಮುನ್ನೆಚ್ಚರಿಕೆ ಅನ್ನಲು ನಾನು ತಯಾರಿಲ್ಲ. ಇದು ತಪ್ಪು ಚಿಕಿತ್ಸೆ, ಹೊಣೆಯೂ ಹಾಗೇ ಹೊರಬೇಕು.

ಎದೆಯ ಎಕ್ಸ್‌ರೇ ಆಗಲಿ ತಲೆಯ ಸಿ.ಟಿ. ಆಗಲಿ, ಭ್ರೂಣಕ್ಕೆ ತಲುಪುವುದು ಸಾಮಾನ್ಯವಾಗಿ 0.01 ಮಿಲಿಗ್ರೇ (ದೇಹ ಹೀರಿಕೊಂಡ ವಿಕಿರಣದ ಅಳತೆ) ಅಥವಾ ಅದಕ್ಕೂ ಕಡಿಮೆ. ಯಾವ ಪರೀಕ್ಷೆಯನ್ನೂ ಮಾಡಿಸದ ತಾಯಿಯ ಹೊಟ್ಟೆಯಲ್ಲೂ ಒಂಬತ್ತು ತಿಂಗಳಲ್ಲಿ ಮಗುವಿಗೆ ಪ್ರಕೃತಿಯಿಂದಲೇ 0.5ರಿಂದ 1 ಮಿಲಿಗ್ರೇ ಬೀಳುತ್ತದೆ. ಭ್ರೂಣದ ಡೋಸ್ 100 ಮಿಲಿಗ್ರೇಗಿಂತ ಕಡಿಮೆಯಿದ್ದರೆ ವಿಕಿರಣದ ಕಾರಣಕ್ಕೆ ಗರ್ಭಪಾತ ಸಮರ್ಥನೀಯವಲ್ಲ ಅಂತ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2000ದಲ್ಲೇ ಹೇಳಿದೆ.

ಕೆಟ್ಟ ಸಲಹೆಯ ಬೆಲೆ ಎಷ್ಟಿರಬಹುದು ಅನ್ನುವುದಕ್ಕೆ 1986ರ ಗ್ರೀಸ್ ಸಾಕ್ಷಿ. ಚೆರ್ನೋಬಿಲ್ ಸ್ಫೋಟದ ನಂತರ ಅಲ್ಲಿನ ಜನರಿಗೆ ತಗುಲಿದ್ದು ಹೆಚ್ಚೆಂದರೆ 1 ಮಿಲಿಸೀವರ್ಟ್‌ನಷ್ಟು, ಅಂದರೆ ಇಲ್ಲಿ ಸರಿಸುಮಾರು 1 ಮಿಲಿಗ್ರೇ. ಆದರೂ ಹೆದರಿಕೆಯಿಂದ, ವೈದ್ಯರಲ್ಲೇ ಇದ್ದ ಗೊಂದಲದಿಂದ, ಬೇಕೆಂದೇ ಹೊತ್ತಿದ್ದ ಸುಮಾರು 2,500 ಗರ್ಭಗಳನ್ನು ತೆಗೆಸಲಾಯಿತು ಅಂತ ಮರುವರ್ಷ ಪ್ರಕಟವಾದ ಅಧ್ಯಯನದ ಅಂದಾಜು. ಯೋಚಿಸಿದರೆ ಸಂಕಟವಾಗುತ್ತದೆ.

ಹಾಗಂತ ಎಲ್ಲ ಪರೀಕ್ಷೆಯೂ ಒಂದೇ ಅಲ್ಲ. ಕಿಬ್ಬೊಟ್ಟೆಯ ಸಿ.ಟಿ.ಯಲ್ಲಿ ಗರ್ಭಕೋಶ ನೇರವಾಗಿ ಕಿರಣದ ದಾರಿಯಲ್ಲೇ ಇರುತ್ತದೆ. ಆಗ ಮೊದಲು ಕೇಳಬೇಕಾದ್ದು ಸ್ಕ್ಯಾನ್ ಚಿತ್ರಗಳ ಜೊತೆಗೇ ಉಳಿಯುವ ಡೋಸ್ ರಿಪೋರ್ಟ್. ಅದರಲ್ಲಿ ಸಿಟಿಡಿಐ-ವಾಲ್ಯೂಮ್ (ಯಂತ್ರ ಕೊಟ್ಟ ಡೋಸಿನ ಅಳತೆ) ಅಂತ ಒಂದು ಅಂಕಿ ಮಿಲಿಗ್ರೇಯಲ್ಲಿ ಇರುತ್ತದೆ. ಅದು 12 ಇದ್ದು ಒಂದೇ ಸುತ್ತು ಸ್ಕ್ಯಾನ್ ಆಗಿದ್ದರೆ, ಬಸಿರಿನ ಮೊದಲ ದಿನಗಳಲ್ಲಿ ಭ್ರೂಣದ ಡೋಸ್ ಕೂಡ ಸರಿಸುಮಾರು ಅಷ್ಟೇ ಅಂತ ಮೊದಲ ಅಂದಾಜು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ಕೊಡುವ ದ್ರವ) ಕೊಡುವ ಮೊದಲೊಮ್ಮೆ, ಕೊಟ್ಟ ಮೇಲೆ ಎರಡು ಸಲ, ಹೀಗೆ ಮೂರು ಸುತ್ತೂ ಕಿಬ್ಬೊಟ್ಟೆಯನ್ನು ಹಾದಿದ್ದರೆ 36ರ ಹತ್ತಿರ. ಎಡವುವುದು ಇಲ್ಲೇ: ಸುತ್ತುಗಳನ್ನು ಎಣಿಸದೆ ಒಂದೇ ಅಂಕಿ ಓದುತ್ತಾರೆ, ಇಲ್ಲವೇ ಪಕ್ಕದಲ್ಲಿರುವ ಡಿಎಲ್‌ಪಿಯ 600, 700 ನೋಡಿ ಬೆಚ್ಚಿಬೀಳುತ್ತಾರೆ. ಡಿಎಲ್‌ಪಿ ಅಂದರೆ ಆ ಡೋಸನ್ನು ಸ್ಕ್ಯಾನ್ ಆದ ಉದ್ದದಿಂದ ಗುಣಿಸಿದ್ದು, ಭ್ರೂಣದ ಡೋಸ್ ಅಲ್ಲವೇ ಅಲ್ಲ. ತಾಯಿಯ ಗಾತ್ರ, ಯಂತ್ರದ ಕೆವಿ, ಎಂಎಎಸ್ (ಕಿರಣದ ಶಕ್ತಿ, ಪ್ರಮಾಣ) ಎಲ್ಲ ಸೇರಿಸಿ ಸರಿಯಾದ ಲೆಕ್ಕ ಕೊಡುವವರು ಮೆಡಿಕಲ್ ಫಿಸಿಸಿಸ್ಟ್, ಅಂದರೆ ವಿಕಿರಣದ ಡೋಸ್ ಲೆಕ್ಕ ಹಾಕುವ ತಜ್ಞರು.

ಡೋಸ್ ಎಷ್ಟು ಮುಖ್ಯವೋ ಗರ್ಭದ ವಯಸ್ಸೂ ಅಷ್ಟೇ ಮುಖ್ಯ. ಗರ್ಭಧಾರಣೆಯಾದ ಮೊದಲ ಎರಡು ವಾರಗಳಲ್ಲಿ, ಡೋಸ್ ತುಂಬಾ ಜಾಸ್ತಿಯಿದ್ದರೆ ಗರ್ಭ ನಿಲ್ಲುವುದಿಲ್ಲ. ನಿಂತರೆ ಸಾಮಾನ್ಯವಾಗಿ ಊನವಿಲ್ಲದೆ ಬೆಳೆಯುತ್ತದೆ. ಮಿದುಳಿಗೆ ಹೆಚ್ಚು ಅಪಾಯ 8ರಿಂದ 15ನೇ ವಾರದಲ್ಲಿ, ಅದೂ ದೊಡ್ಡ ಡೋಸಿಗೆ. ಕ್ಯಾನ್ಸರಿನ ಮಾತು ಮುಚ್ಚಿಡಬಾರದು: 10 ಮಿಲಿಗ್ರೇ ಬಿದ್ದರೆ, ಮಗು ಬಾಲ್ಯದಲ್ಲಿ ಕ್ಯಾನ್ಸರಿಲ್ಲದೆ ಬೆಳೆಯುವ ಸಾಧ್ಯತೆ ಶೇ. 99.7ರಿಂದ ಸುಮಾರು 99.6ಕ್ಕೆ ಇಳಿಯುತ್ತದೆ. ವಿಕಿರಣ ಚಿಕಿತ್ಸೆ, ಥೈರಾಯ್ಡ್‌ಗೆ ಕೊಡುವ ವಿಕಿರಣಶೀಲ ಅಯೋಡಿನ್-131 ಇವೆಲ್ಲ ಬೇರೆಯೇ ಸಂಗತಿ, ಅಲ್ಲಿ ಭಯಕ್ಕೆ ಕಾರಣವಿದೆ.

ಡೋಸನ್ನು ಕಡಿಮೆ ಅಂದುಕೊಳ್ಳುವ ಅಜ್ಞಾನವೂ ಇದೆ. 2003ರಲ್ಲಿ ಬ್ರಿಟನ್ನಿನಲ್ಲಿ 130 ವೈದ್ಯರನ್ನು ಕೇಳಿದಾಗ ಬಹುಪಾಲು ಉತ್ತರಗಳು ನಿಜವಾದ ಡೋಸ್‌ಗಿಂತ ಕಡಿಮೆಯೇ ಇದ್ದವು. ಅಲ್ಟ್ರಾಸೌಂಡ್‌ನಲ್ಲಿ ಅಂಥ ವಿಕಿರಣವೇ ಇಲ್ಲ ಅನ್ನುವುದೂ ಕೆಲವರಿಗೆ ಗೊತ್ತಿರಲಿಲ್ಲ. ಗರ್ಭಿಣಿಗೆ ಎಕ್ಸ್‌ರೇ ಅಂದರೆ ನಡುಗುವ ವೈದ್ಯರೇ ಉಳಿದವರಿಗೆ ಹೊಟ್ಟೆನೋವು ಅಂದೊಡನೆ ಸಿ.ಟಿ. ಬರೆಯಬಲ್ಲರು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ವಿಕಿರಣದ ಕಾರಣಕ್ಕೆ ಗರ್ಭ ತೆಗೆಸಿ ಅನ್ನುವ ವೈದ್ಯರು ಭ್ರೂಣದ ಡೋಸ್, ಆ ದಿನಕ್ಕೆ ಗರ್ಭದ ವಯಸ್ಸು, ಲೆಕ್ಕ ಹಾಕಿದವರು ಯಾರು ಅನ್ನುವುದನ್ನು ಕೇಸ್ ಪೇಪರಿನಲ್ಲಿ ಬರೆದು ಸಹಿ ಹಾಕಲಿ. ಬರೆದುಕೊಡದಿದ್ದರೆ ಡೋಸ್ ರಿಪೋರ್ಟ್ ಹಿಡಿದುಕೊಂಡು ಇನ್ನೊಬ್ಬ ರೇಡಿಯಾಲಜಿಸ್ಟ್ ಹತ್ತಿರ ಹೋಗಿ. ಲೆಕ್ಕ ಕೈಗೆ ಬರುವವರೆಗೆ ಗರ್ಭ ತೆಗೆಸುವ ಯಾವ ಮಾತ್ರೆಯನ್ನೂ ನುಂಗಬೇಡಿ.