ಮೂಳೆ ಸವೆದವರಿಗೆ ಗ್ರಾಫ್ಟ್ ಒಂದೇ ದಾರಿ ಅಲ್ಲ

'ದವಡೆ ಮೂಳೆ ತುಂಬಾ ಸವೆದಿದ್ದರೆ ಮೊದಲು ಬೋನ್ ಗ್ರಾಫ್ಟ್, ಆಮೇಲೇ ಇಂಪ್ಲಾಂಟ್' ಅಂತ ಹಲ್ಲಿನ ಇಂಪ್ಲಾಂಟ್ (ದವಡೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಬಗ್ಗೆ ಬರೆದಿದ್ದೀರಿ. ಅದು ಅರ್ಧ ಮಾತಾಯ್ತು ಸರ್. ಗ್ರಾಫ್ಟ್ ಅಂದರೆ ಸವೆದ ಜಾಗಕ್ಕೆ ಮೂಳೆ ತುಂಬುವುದು, ಅದು ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ವಯಸ್ಸಾದವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಮೇಲಿನ ದವಡೆಗೆ ಜೈಗೋಮ್ಯಾಟಿಕ್ ಇಂಪ್ಲಾಂಟ್ ಇದೆ. ಮಾಮೂಲಿ ಇಂಪ್ಲಾಂಟ್ 10 ಮಿ.ಮೀ. ಆಸುಪಾಸು ಇದ್ದರೆ ಇದು 30ರಿಂದ 50 ಮಿ.ಮೀ. ಉದ್ದ. ಸವೆದ ದವಡೆ ದಾಟಿ ಕೆನ್ನೆಯ ಮೂಳೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆದರೆ ಸೈನಸ್ (ಕೆನ್ನೆಯೊಳಗಿನ ಗಾಳಿಗೂಡು) ಸೋಂಕಿನ ಭಯ ಇರುತ್ತದೆ, ಪಳಗಿದ ಕೈಯೇ ಬೇಕು. ಖರ್ಚೂ ಜಾಸ್ತಿ.

ಕೆಳಗಿನ ದವಡೆಯ ಲೆಕ್ಕ ಬೇರೆ. ಹಿಂದೆ ಸವೆದರೂ ಮುಂದುಗಡೆ ಸಾಮಾನ್ಯವಾಗಿ ಒಂದಿಷ್ಟು ಮೂಳೆ ಉಳಿದಿರುತ್ತದೆ. ಅಲ್ಲಿ ಎರಡು ಇಂಪ್ಲಾಂಟ್ ಕೂರಿಸಿ, ಮೇಲೆ ಹಲ್ಲಿನ ಸೆಟ್ ಗುಂಡಿ ಹಾಕಿದ ಹಾಗೆ ಸಿಕ್ಕಿಸುತ್ತಾರೆ. ರಾತ್ರಿ ತೆಗೆದು ತೊಳೆಯಬಹುದು. ಗದಗಿನಲ್ಲಿರುವ ನಮ್ಮ ಅತ್ತೆಗೆ ಇದನ್ನೇ ಮಾಡಿಸಿದ್ದು. ಮೊದಲು ಮಾತಾಡುವಾಗ ಕೆಳಗಿನ ಸೆಟ್ ಎದ್ದೆದ್ದು ಬರುತ್ತಿತ್ತು. ನಾಲಿಗೆಯಿಂದ ಒತ್ತಿ ಹಿಡಿದೇ ಮಾತಾಡೋರು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದರು. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಡೆಯುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ.

ಸುಮ್ನೆ ಎಕ್ಸ್‌ರೇ ನೋಡಿ 'ಆಗಲ್ಲ' ಅಂದರೆ ಕೈಬಿಡಬೇಡಿ. ದವಡೆ ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ, ಧಾರವಾಡದ ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿನಂಥ ಕಡೆ ಇನ್ನೊಂದು ಅಭಿಪ್ರಾಯ ಕೇಳಿ. ಶುಗರ್ ಇದ್ದರೆ, ಮೂಳೆ ಸವೆತಕ್ಕೆ ಇಂಜೆಕ್ಷನ್ ತಗೊಳ್ತಿದ್ದರೆ ಮೊದಲೇ ಹೇಳಿ. ಗುಟ್ಕಾ ಮಾತ್ರ ಬಿಡಲೇಬೇಕು.