ಡ್ರಮ್ಮಿನಂತಿಲ್ಲದ ಡ್ರಮ್ಮು

ಎಂಬತ್ತರ ದಶಕದ ಇಂಗ್ಲಿಷ್ ಹಾಡನ್ನು ಗುರುತು ಹಿಡಿಯಲು ಗಾಯಕ ಬಾಯಿ ತೆರೆಯುವ ತನಕ ಕಾಯಬೇಕಾಗಿಲ್ಲ. ಡ್ರಮ್ಮಿಗೆ ಬಿದ್ದ ಒಂದೇ ಏಟು ಸಾಕು. ಢಬ್ ಎಂದು ಭಾರೀ ಸದ್ದೊಂದು ಎದ್ದು, ಇನ್ನೇನು ಮೊಳಗಬೇಕು ಅನ್ನುವಷ್ಟರಲ್ಲಿ ಯಾರೋ ಅದರ ಬಾಯಿ ಮುಚ್ಚಿಸಿರುತ್ತಾರೆ. ನಿಜವಾದ ಡ್ರಮ್ಮು ಯಾವ ಕೋಣೆಯಲ್ಲೂ ಹಾಗೆ ಕೇಳಿಸುವುದಿಲ್ಲ. ಆದರೂ ಐವತ್ತು ದಾಟಿದ ನನ್ನಂಥವರ ಕಿವಿಗೆ ಅದು ಬಿದ್ದರೆ ಬೆನ್ನು ನೆಟ್ಟಗಾಗುತ್ತದೆ, ಮಂಡಿನೋವು ಮರೆತುಹೋಗುತ್ತದೆ, ಮನೆಯವರಿಗೆ ಗಾಬರಿಯಾಗುತ್ತದೆ.

ಆ ಸದ್ದು ಹುಟ್ಟಿದ್ದು ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ, ಅಕಸ್ಮಾತ್ತಾಗಿ. ಪೀಟರ್ ಗೇಬ್ರಿಯಲ್‌ನ 1980ರ ಆಲ್ಬಮ್ಮಿಗೆ ಫಿಲ್ ಕಾಲಿನ್ಸ್ ಡ್ರಮ್ಸ್ ಬಾರಿಸುತ್ತಿದ್ದ. ಒಳಗಿರುವ ಕಲಾವಿದರು ಹೊರಗಿನ ಎಂಜಿನಿಯರ್ ಜೊತೆ ಮಾತಾಡಲೆಂದು ಅಲ್ಲೊಂದು ಮೈಕು ಇತ್ತು. ಅದು ರೆಕಾರ್ಡಿಂಗಿಗೆ ಇಟ್ಟದ್ದಲ್ಲ. ಯಾರು ಎಲ್ಲಿಂದ ಮೆಲ್ಲಗೆ ಮಾತಾಡಿದರೂ ಕೇಳಬೇಕಲ್ಲ, ಅದಕ್ಕೆ ಸಣ್ಣ ಸದ್ದನ್ನು ಎತ್ತಿ ದೊಡ್ಡ ಸದ್ದನ್ನು ಅದುಮುವ ಏರ್ಪಾಡು ಅದರಲ್ಲಿತ್ತು. ಅದು ಆನ್ ಇದ್ದಾಗಲೇ ಕಾಲಿನ್ಸ್ ಬಾರಿಸಿದ, ಎಂಜಿನಿಯರ್ ಹ್ಯೂ ಪ್ಯಾಡ್ಗಮ್‌ನ ಕಿವಿ ನಿಮಿರಿತು. 1981ರಲ್ಲಿ ಕಾಲಿನ್ಸ್‌ನ ‘ಇನ್ ದಿ ಏರ್ ಟುನೈಟ್’ ಬಂದ ಮೇಲಂತೂ ಆ ಢಬ್ ಇಲ್ಲದ ಹಾಡು ಹಾಡೇ ಅಲ್ಲ ಅನ್ನುವಂತಾಯಿತು.

ನನಗೆ ಬಹಳ ದಿನಗಳಿಂದ ಒಂದು ಗುಮಾನಿ. ನಾವು ಹಂಬಲಿಸುವುದು ಆ ಕಾಲದ ಯಂತ್ರಗಳಿಗೆ ಏನು ಬರುತ್ತಿತ್ತೋ ಅದಕ್ಕಲ್ಲ, ಏನು ಬರುತ್ತಿರಲಿಲ್ಲವೋ ಅದಕ್ಕೆ.

ರೋಲಾಂಡ್ ಟಿಆರ್-808 ಎಂಬ ಜಪಾನಿ ಡ್ರಮ್ ಮೆಷೀನನ್ನೇ ನೋಡಿ. 1980ರಲ್ಲಿ ಬಂತು. ಆ ಹೊತ್ತಿಗೆ ಅಮೆರಿಕದ ರೋಜರ್ ಲಿನ್ ನಿಜವಾದ ಡ್ರಮ್ಮಿನ ಸದ್ದನ್ನೇ ಎಲೆಕ್ಟ್ರಾನಿಕ್ ಚಿಪ್‌ಗೆ ತುಂಬಿ ಎಲ್ಎಂ-1 ಎಂಬ ಯಂತ್ರ ಮಾಡಿದ್ದ. ಅದರ ಬೆಲೆ ಹತ್ತಿರ ಹತ್ತಿರ 5,000 ಡಾಲರ್, ಪಾಪ್ ತಾರೆ ಪ್ರಿನ್ಸ್‌ನಂಥವರ ಕೈಗೆ ಎಟುಕುವಂಥದ್ದು. 808 ಕೇವಲ 1,195 ಡಾಲರ್. ಆದರೆ ಅದರೊಳಗೆ ತುಂಬಿಟ್ಟ ಸದ್ದು ಒಂದೂ ಇಲ್ಲ. ಎಲ್ಲವನ್ನೂ ಅದು ವಿದ್ಯುತ್ತಿನಿಂದಲೇ ಆಗಿಂದಾಗ್ಗೆ ಹುಟ್ಟಿಸಬೇಕು. ಚಪ್ಪಾಳೆ ಒತ್ತಿದರೆ ಚಪ್ಪಾಳೆಯಂತಿರಲಿಲ್ಲ. ಕೌಬೆಲ್ ಒತ್ತಿದರೆ ಯಾವ ಹಸುವೂ ತಿರುಗಿ ನೋಡುತ್ತಿರಲಿಲ್ಲ. ದೊಡ್ಡ ಡ್ರಮ್ಮಿನ ಗುಂಡಿ ಒತ್ತಿದರೆ ಗುಂ ಎಂಬ ಹೂಂಕಾರವೊಂದು ಎದ್ದು ಬಹಳ ಹೊತ್ತು ಹೊಟ್ಟೆಯೊಳಗೇ ಓಡಾಡುತ್ತಿತ್ತು. ಮೂರು ವರ್ಷದಲ್ಲಿ ತಯಾರಾದದ್ದು ಸುಮಾರು 12,000 ಯಂತ್ರ, ಅಷ್ಟೇ.

ನಿಂತುಹೋದ ಕಾರಣವಂತೂ ಇನ್ನೂ ಸೊಗಸು. ರೋಲಾಂಡ್ ಕಂಪನಿ ಕಟ್ಟಿದ ಇಕುತಾರೊ ಕಾಕೆಹಾಶಿ ಅವರು ಬೇಕೆಂದೇ ದೋಷವಿದ್ದ ಟ್ರಾನ್ಸಿಸ್ಟರುಗಳನ್ನು (ರೇಡಿಯೋ ಅಲ್ಲ, ಯಂತ್ರದೊಳಗಿನ ಬಿಡಿಭಾಗ) ಕೊಳ್ಳುತ್ತಿದ್ದರು. ಬೇರೆಯವರು ಬಿಸಾಕುವ ಮಾಲು. ಅದರಿಂದಲೇ 808ಕ್ಕೆ ಆ ಚುರುಚುರು ದನಿ. ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸುತ್ತ ಹೋಯಿತು, ಕೆಟ್ಟ ಮಾಲು ಸಿಗದಾಯಿತು, 1983ರಲ್ಲಿ 808 ನಿಂತೇಹೋಯಿತು. ಗುಣಮಟ್ಟ ಹೆಚ್ಚಾಗಿ ಬಾಗಿಲು ಹಾಕಿದ ಕಸುಬು ಬೇರೆ ಯಾವುದಾದರೂ ಇದ್ದರೆ ನನಗೆ ಗೊತ್ತಿಲ್ಲ.

ಯಾರಿಗೂ ಬೇಡವಾದ ಈ ಯಂತ್ರವನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಕಡೆಯವರು ಬೇಕು ಅಂದರು. ಆಫ್ರಿಕಾ ಬಂಬಾಟ ಮತ್ತು ಸಂಗಡಿಗರ ‘ಪ್ಲಾನೆಟ್ ರಾಕ್’ ಎಂಬ ಹಿಪ್ ಹಾಪ್ ಹಾಡು, ಅಂದರೆ ತಾಳಕ್ಕೆ ಮಾತು ಕೂರಿಸುವ ರ‍್ಯಾಪ್ ಬಗೆಯದು, ಬಂದದ್ದು 1982ರಲ್ಲಿ. ನಿರ್ಮಾಪಕ ಆರ್ಥರ್ ಬೇಕರ್‌ನ ಬಳಿ 808 ಇರಲಿಲ್ಲ. ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಜಾಹೀರಾತು ಇತ್ತು: ಡ್ರಮ್ ಮೆಷೀನ್ ಸಮೇತ ಬರುತ್ತೇನೆ, ಒಂದು ಸೆಷನ್ನಿಗೆ 20 ಡಾಲರ್. ಮದುವೆಮನೆಗೆ ಶಾಮಿಯಾನ ಬಾಡಿಗೆಗೆ ತಂದ ಹಾಗೆ ಆ ಮನುಷ್ಯನನ್ನೂ ಯಂತ್ರವನ್ನೂ ಕರೆಸಿದರು. ಧಾಟಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ್ದು, ತಾಳ ಜಪಾನಿನದು, ಮಾತು ಬ್ರಾಂಕ್ಸ್‌ನದು. ಇವತ್ತು ಲ್ಯಾಪ್‌ಟಾಪಿನಲ್ಲಿ ಬೀಟ್ ಕೂರಿಸುವ ಕನ್ನಡದ ಹುಡುಗರೂ ‘808 ಸಾಲ್ತಾ ಇಲ್ಲ, ಎತ್ತು’ ಅನ್ನುತ್ತಾರಲ್ಲ, ಅದು ಇದೇ ಯಂತ್ರದ ಗುಂಕಾರ. ಯಂತ್ರವನ್ನು ಕಣ್ಣಲ್ಲಿ ಕಂಡವರು ಅವರಲ್ಲಿ ಎಷ್ಟು ಮಂದಿಯೋ.

ಅದೇ 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಅವರೂ ಒಂದು 808 ಇಟ್ಟುಕೊಂಡು ಕೂತಿದ್ದರು. ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು. ಡಿಸ್ಕೋ ತಾಳಕ್ಕೆ ಹತ್ತು ರಾಗ ಕೂರಿಸಿ ಒಂದು ರೆಕಾರ್ಡ್ ತಂದರು. ಭೈರವವೂ ಇದೆ ಅದರಲ್ಲಿ. ಅದರ ಸ್ವರಗಳು ನಮ್ಮ ಮಾಯಾಮಾಳವಗೌಳದವೇ, ಅಂದರೆ ಮೇಷ್ಟರ ಮುಂದೆ ಚಕ್ಕಳಮಕ್ಕಳ ಕೂತು ಸರಳೆವರಸೆ ಒಪ್ಪಿಸಿದವರೆಲ್ಲರ ಬಾಯಲ್ಲೂ ಉಳಿದಿರುವ ಸ್ವರಗಳು. ಅವು ಯಂತ್ರದ ತಾಳಕ್ಕೆ ಸಿಕ್ಕಿ, ಉಸಿರು ತಗೊಳ್ಳಲೂ ಬಿಡುವಿಲ್ಲದೆ ಓಡುವುದನ್ನು ಕೇಳಿದರೆ ನಗುವೂ ಬರುತ್ತದೆ, ಕೂತಲ್ಲೇ ಕಾಲೂ ಕುಣಿಯುತ್ತದೆ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ತಲೆಮೇಲೆ ಕೈಯಿಟ್ಟುಕೊಂಡು, ಕ್ಲಬ್ಬುಗಳಲ್ಲಿ ಕುಣಿಯುವ ನಮ್ಮ ಆಸಿಡ್ ಹೌಸ್ ಸಂಗೀತವನ್ನು ಇವರು ಐದಾರು ವರ್ಷ ಮೊದಲೇ ಮಾಡಿ ಮುಗಿಸಿದ್ದಾರಲ್ಲ ಅಂದರು. ಚರಣ್‌ಜಿತ್ ಅವರು ಆ ಮೆಚ್ಚುಗೆಯನ್ನು ಕಣ್ಣಾರೆ ಕಂಡು 2015ರಲ್ಲಿ ತೀರಿಕೊಂಡರು ಅನ್ನುವುದಷ್ಟೇ ಸಮಾಧಾನ.

ಹಿಪ್ ಹಾಪ್ ಬಗ್ಗೆ ಮಾತೆತ್ತಿದರೆ, ಅದು ಹುಟ್ಟಿತೆನ್ನುವ 1973ರ ಆಗಸ್ಟ್ 11ರ ಸಂಜೆಯನ್ನು ಹೇಳದೆ ಬಿಡುವ ಹಾಗಿಲ್ಲ. ಬ್ರಾಂಕ್ಸ್‌ನ 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕೆಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅಣ್ಣ ಕೂಲ್ ಹರ್ಕ್. ಮುಂದಿನದನ್ನು ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನನಗೆ ಇಷ್ಟವಾದ ಕಥೆ ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್‌ನದು. ಹುಡುಗ ಮನೆಯಲ್ಲಿ ಜೋರಾಗಿ ರೆಕಾರ್ಡ್ ಹಾಕಿಕೊಂಡಿದ್ದಾನೆ, ತಾಯಿ ಬಾಗಿಲಲ್ಲಿ ನಿಂತು ಬಯ್ಯತೊಡಗಿದ್ದಾರೆ. ಬೈಗುಳ ಮುಗಿಯುವ ತನಕ ತಿರುಗುವ ತಟ್ಟೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತ ನಿಂತನಂತೆ. ಜರಕ್ ಜರಕ್. ಇದನ್ನು ಅವನೇ ಹೇಳಿಕೊಂಡಿದ್ದಾನೆ. ಡಿಜೆಗಳ ಸ್ಕ್ರಾಚಿಂಗ್ ಹುಟ್ಟಿದ್ದು ಹೀಗೆ. ಅಮ್ಮಂದಿರ ಬೈಗುಳದಿಂದ ನಮ್ಮಲ್ಲಿ ಡಾಕ್ಟರುಗಳೂ ಎಂಜಿನಿಯರುಗಳೂ ಹುಟ್ಟಿದ್ದಾರೆ, ವಾದ್ಯ ಹುಟ್ಟಿದ್ದು ಅಲ್ಲೊಂದೇ ಕಡೆ ಇರಬೇಕು.

ನಮ್ಮೂರು ಶಿವಮೊಗ್ಗೆಗೆ ಈ ಬ್ರಾಂಕ್ಸ್ ಎಲ್ಲ ಬರಲಿಲ್ಲ. ಬಂದವನು ಮೈಕಲ್ ಜಾಕ್ಸನ್ ಒಬ್ಬನೇ. 1983ರ ಮೇ ತಿಂಗಳಲ್ಲಿ ಅಮೆರಿಕದ ಟಿವಿಯಲ್ಲಿ ಅವನು ಮಾಡಿದ ಮೂನ್‌ವಾಕ್, ವಿಡಿಯೋ ಕ್ಯಾಸೆಟ್ಟಿನಿಂದ ವಿಡಿಯೋ ಕ್ಯಾಸೆಟ್ಟಿಗೆ ಇಳಿದು ಇಳಿದು, ನಮ್ಮ ವಿಡಿಯೋ ಪಾರ್ಲರಿಗೆ ಬರುವಾಗ ಮುಖ ಮಾಸಿ, ಬರೀ ಬಿಳಿ ಸಾಕ್ಸು ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು. ಸ್ಕೂಲ್ ಡೇಗೆ ಮುಂಚಿನ ವಾರ ಕೇರಂ ಬೋರ್ಡಿನ ಪೌಡರ್ ಡಬ್ಬಿಗಳೆಲ್ಲ ಮಾಯವಾಗಿ ಸ್ಟೇಜಿನ ಮೇಲೆ ಉದುರುತ್ತಿದ್ದವು. ಹಿಂದಕ್ಕೆ ಜಾರಿ ಸೀದಾ ಹಾರ್ಮೋನಿಯಂ ಮೇಷ್ಟರ ತೊಡೆಯ ಮೇಲೆ ಕೂತವರಿದ್ದಾರೆ. ನೆಟ್ಟಗೆ ಕಲಿತವರೂ ಇದ್ದರೆನ್ನಿ. ಮೂಗೂರು ಸುಂದರ್ ಅವರ ಮಗ, ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಮುಂದೆ ಭಾರತದ ಮೈಕಲ್ ಜಾಕ್ಸನ್ ಅನ್ನಿಸಿಕೊಂಡರು.

ಹಾಡು ಬೇಕೆಂದರೆ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಗೆ ಚೀಟಿ ಬರೆದುಕೊಡಬೇಕಿತ್ತು. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್, ಒಂದು ಕಡೆಗೆ ಮೂವತ್ತು. ಅಂಗಡಿಯವರಿಗೆ ಲೆಕ್ಕ ಮುಖ್ಯ, ಹಾಡಲ್ಲ. ಮೂವತ್ತು ಮುಗಿದರೆ ಮುಗಿಯಿತು. ನನ್ನ ‘ಬಿಲ್ಲಿ ಜೀನ್’ ಮೂರನೇ ನಿಮಿಷದಲ್ಲಿ ಕಟಕ್ ಅನ್ನುತ್ತಿತ್ತು. ಇವತ್ತಿಗೂ ಫೋನಿನಲ್ಲಿ ಆ ಹಾಡು ಪೂರ್ತಿ ಬಂದರೆ, ಕೊನೆಯ ಭಾಗವನ್ನು ಈಚೆಗೆ ಯಾರೋ ಸೇರಿಸಿದ್ದಾರೆ ಅನ್ನಿಸುತ್ತದೆ. ಅಲ್ಲಿಗೆ ಬರುವಾಗ ಕೈ ತಾನಾಗಿ ಕ್ಯಾಸೆಟ್ ಮಗುಚಲು ಮೇಲೇಳುತ್ತದೆ. ಪೆನ್ಸಿಲ್ ತೂರಿಸಿ ಟೇಪು ಸುತ್ತಿದ್ದನ್ನು ಎಲ್ಲರೂ ಹೇಳಿ ಸವೆಸಿದ್ದಾರೆ, ಆ ಮಾತು ಬೇಡ.

ಹಾಗೆಂದು ಆಗಿನದೆಲ್ಲ ಚಿನ್ನವೇನೂ ಅಲ್ಲ. 1983ರಲ್ಲಿ ಯಮಾಹಾದ ಡಿಎಕ್ಸ್7 ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡು, ಬಂತು. ಅದರಲ್ಲಿ ಹೊಸ ಸದ್ದು ಮಾಡುವುದು ಎಷ್ಟು ತಲೆನೋವಿನ ಕೆಲಸವೆಂದರೆ, ಬಹುಪಾಲು ಜನ ಕಾರ್ಖಾನೆಯಿಂದ ಬಂದ ಸದ್ದುಗಳನ್ನೇ ಹಾಗೆ ಹಾಗೇ ಬಳಸಿದರು. ಅದಕ್ಕೇ ಆ ಕಾಲದ ವಿರಹಗೀತೆಗಳಲ್ಲೆಲ್ಲ ಗಾಜಿನ ಲೋಟ ತಟ್ಟಿದಂಥ ಒಂದೇ ಪಿಯಾನೋ. ಹೃದಯ ಯಾರದೇ ಒಡೆಯಲಿ, ಪಿಯಾನೋ ಬದಲಾಗುತ್ತಿರಲಿಲ್ಲ. ಅದಕ್ಕೆ ನನ್ನಲ್ಲಿ ಹಂಬಲವಿಲ್ಲ.

ಹಿಪ್ ಹಾಪ್‌ನವರಿಗೆ ಆ ದಶಕದ ಕೊನೆಗೆ ಸಿಕ್ಕ ಎಸ್‌ಪಿ-1200 ಯಂತ್ರದ ಕಥೆ ಬೇರೆ. 1987ರದ್ದು. ಹಳೆಯ ರೆಕಾರ್ಡಿನ ತುಣುಕುಗಳನ್ನು ನುಂಗಿ ನಾವು ಕೇಳಿದಾಗ ಉಗುಳುವುದು ಅದರ ಕೆಲಸ. ಹೊಟ್ಟೆಯಲ್ಲಿ ಜಾಗ ಒಟ್ಟು ಹತ್ತು ಸೆಕೆಂಡು ಮಾತ್ರ. ಹತ್ತು ಸೆಕೆಂಡಿನಲ್ಲಿ ಏನು ತಾನೇ ಹಿಡಿಸೀತು? ಹುಡುಗರು ಉಪಾಯ ಕಂಡುಕೊಂಡರು. 33ರ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ಒಳಗೆ ತುಂಬಿಸುವುದು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡುವುದು. ಜಾಗವೂ ಉಳಿಯಿತು, ಜೊತೆಗೆ ಸದ್ದಿಗೆ ಒಂದು ಮರಳು ಮರಳು ಒರಟುತನವೂ ಬಂತು. ಬಡತನದ ಲೆಕ್ಕಾಚಾರಕ್ಕೆ ಹುಟ್ಟಿದ ಆ ಒರಟುತನವನ್ನೇ ಇವತ್ತು ‘ಏನು ಫೀಲು’ ಎಂದು ಕಣ್ಣುಮುಚ್ಚಿ ಸವಿಯುತ್ತೇವೆ.

ಆ ಯಂತ್ರಗಳು ಹೆಚ್ಚಾಗಿ ನುಂಗಿದ ತುಣುಕುಗಳಲ್ಲಿ ಒಂದು, ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ನಡುವೆ ಬರುವ ಸುಮಾರು ಇಪ್ಪತ್ತು ಸೆಕೆಂಡಿನ ಡ್ರಮ್ಸ್. ಬಾರಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಪಬ್ಲಿಕ್ ಎನಿಮಿ ತಂಡದಿಂದ ಹಿಡಿದು ನೂರಾರು ಮಂದಿ ಅದರ ಮೇಲೆ ಮನೆ ಕಟ್ಟಿದರು. ಹಕ್ಕು ಅವರ ಹೆಸರಲ್ಲಿರಲಿಲ್ಲ, ಹಾಗಾಗಿ ಅವರ ಕೈಗೆ ಹೆಚ್ಚೇನೂ ದಕ್ಕಲಿಲ್ಲ. 2017ರಲ್ಲಿ ಹೋದರು. ಈ ಹಾಡುಗಳನ್ನು ಕೇಳಿ ಹಿಗ್ಗುವಾಗ ಇದೊಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಗಮನಿಸಿ, ಆ ಹುಡುಗರು ಕತ್ತರಿಸಿ ಅಂಟಿಸುತ್ತಿದ್ದುದು ಅಪ್ಪ ಅಮ್ಮ ಕೇಳುತ್ತಿದ್ದ ರೆಕಾರ್ಡುಗಳನ್ನು. ಹಳಹಳಿಕೆ ನಮಗಿಂತ ಮೊದಲು ಅವರಿಗೇ ಹತ್ತಿತ್ತು. ಆದರೆ ಆಗಿನ ಹಿರಿಯರಿಗೆ ಅದು ಬರೀ ಗಲಾಟೆ. 1989ರಲ್ಲಿ ಗ್ರ್ಯಾಮಿಯವರು ಮೊದಲ ಸಲ ರ‍್ಯಾಪ್‌ಗೆ ಪ್ರಶಸ್ತಿ ಕೊಟ್ಟರು, ಕೊಡುವುದನ್ನು ಮಾತ್ರ ಟಿವಿಯಲ್ಲಿ ತೋರಿಸಲಿಲ್ಲ. ಗೆದ್ದ ಜ್ಯಾಜಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ ಸಮಾರಂಭಕ್ಕೆ ಹೋಗಲೇ ಇಲ್ಲ. ಈಗ ಆ ಗಲಾಟೆಯ ಮಕ್ಕಳೇ ಕನ್ನಡಕ ಏರಿಸಿಕೊಂಡು, ಈಗಿನ ಹಾಡೆಲ್ಲ ಬರೀ ಗಲಾಟೆ ಅನ್ನುತ್ತಿದ್ದಾರೆ. ಅವರ ಸಾಲಿನಲ್ಲಿ ನಾನೂ ಆಗಾಗ ನಿಲ್ಲುವುದುಂಟು.

ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್, ತುಣುಕುಗಳ ಹಕ್ಕಿನ ತಕರಾರು ಬಗೆಹರಿಯದೆ, ಫೋನಿನಲ್ಲಿ ಸ್ಟ್ರೀಮ್ ಮಾಡಲು ಸಿಕ್ಕಿದ್ದು 2023ರ ಮಾರ್ಚಿಗೆ. ಅಕ್ಕನ ಮಗ ಬೀಟ್ ಮಾಡುವವನು, ಅವನಿಗೆ ಕೇಳಿಸಿದೆ. ಹಿಂದಿನ ಚರಪರ ಸದ್ದಿಗೆ ಕಿವಿಗೊಟ್ಟು, ‘ಸಖತ್ತಾಗಿದೆ ಮಾಮ, ಈ ಧೂಳು ನಂಗೂ ಬೇಕು’ ಅಂದ. ಧೂಳಿಗೂ ಈಗ ಸಾಫ್ಟ್‌ವೇರ್ ಇದೆ. ಐಜೊಟೋಪ್ ಕಂಪನಿಯ ‘ವಿನೈಲ್’, ಬಿಟ್ಟಿ ಸಿಗುತ್ತದೆ. ಧೂಳಿಗೊಂದು, ಗೀರಿಗೊಂದು, ಸವೆತಕ್ಕೊಂದು, ರೆಕಾರ್ಡು ಸೊಟ್ಟಗಾಗುವುದಕ್ಕೊಂದು ಗುಂಡಿ. ಚಿಕ್ಕಂದಿನಲ್ಲಿ ನಾವು ಬನಿಯನ್ ಬಟ್ಟೆಯಲ್ಲಿ ಒರೆಸಿ ಒರೆಸಿ ತೆಗೆಯುತ್ತಿದ್ದುದನ್ನೆಲ್ಲ ಅವನು ಮೌಸ್ ಹಿಡಿದು ಒಂದೊಂದಾಗಿ ಏರಿಸತೊಡಗಿದ. ಒಂದು ಕಡೆ ನಿಲ್ಲಿಸಿ, ‘ಇಷ್ಟು ಧೂಳು ಸಾಕಾ ಮಾಮ?’ ಅಂದ.

‘ಇನ್ನೊಂಚೂರು ಹಾಕಪ್ಪ’ ಅಂದೆ.